ಲಿವರಿನ ಉರಿಯೂತ: ಸೂಜಿ ಚುಚ್ಚದೆ ಅರಿಯುವ ಬಗೆ



ಚನ್ನಗಿರಿಯ ಅಡಿಕೆ ತೋಟದವರು, ಹೊನ್ನಾಳಿಯ ಹೊಳೆಸಾಲಿನ ಭತ್ತದ ಗದ್ದೆಯವರು, ನ್ಯಾಮತಿಯ ಪೇಟೆಯವರು, ಜಗಳೂರಿನ ಮೆಕ್ಕೆಜೋಳದ ಹೊಲದವರು, ಈ ನಾಲ್ಕೂ ತಾಲ್ಲೂಕಿನ ಜನ ಇತ್ತೀಚೆಗೆ ಆಸ್ಪತ್ರೆಯಿಂದ ಒಂದು ಮಾತನ್ನು ಮನೆಗೆ ತರುತ್ತಿದ್ದಾರೆ. ಹೊಟ್ಟೆನೋವೆಂದೋ, ಗ್ಯಾಸ್ಟ್ರಿಕ್ ಎಂದೋ, ಕಿಡ್ನಿ ಕಲ್ಲೆಂದೋ ಸ್ಕ್ಯಾನಿಂಗ್ ಮಾಡಿಸುತ್ತಾರೆ. ರಿಪೋರ್ಟಿನ ಕೊನೆಯಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂದು ಬರೆದಿರುತ್ತದೆ. ಅದನ್ನು ಕೇಳಿ ಕೆಲವರು ನಿದ್ದೆ ಕೆಡಿಸಿಕೊಳ್ಳುತ್ತಾರೆ. ಇನ್ನು ಕೆಲವರು ‘ಈಗ ಎಲ್ಲರಿಗೂ ಇರ್ತದೆ ಬಿಡ್ರಿ’ ಎಂದು ಆ ಹಾಳೆಯನ್ನು ಮಡಚಿ ಇಡುತ್ತಾರೆ.

ಎರಡೂ ಸರಿಯಲ್ಲ. ಆ ಸಾಲು ತಿಳಿಸುವುದು ಒಂದೇ ಸಂಗತಿಯನ್ನು. ಲಿವರಿನಲ್ಲಿ ಕೊಬ್ಬು ಸೇರಿದೆ, ಅಷ್ಟೆ. ಆ ಕೊಬ್ಬಿನಿಂದ ಲಿವರಿಗೆ ಉರಿಯೂತ ಬಂದಿದೆಯೇ? ಈ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಉರಿಯೂತವನ್ನು ಹೊರಗಿನಿಂದಲೇ, ಸೂಜಿ ಚುಚ್ಚದೆ, ಲಿವರಿನ ಚೂರು ತೆಗೆಯದೆ ಪತ್ತೆಮಾಡಲು ಯಾವ ದಾರಿಗಳಿವೆ? ಅವನ್ನು ಎಷ್ಟರ ಮಟ್ಟಿಗೆ ನಂಬಬಹುದು? ಈ ಭಾಗದವರು ಎಲ್ಲಿಂದ ಶುರುಮಾಡಬೇಕು? ಇಂದಿನ ಭಾಷಣ ಇಷ್ಟನ್ನೇ ಕುರಿತದ್ದು.

ಮೊದಲು ಲಿವರಿನ ಪರಿಚಯ. ಬಲಗೈಯನ್ನು ಬಲಪಕ್ಕೆಯ ಕೆಳಭಾಗದ ಮೇಲಿಟ್ಟುಕೊಳ್ಳಿ. ಅಂಗೈಯ ಕೆಳಗೆ, ಪಕ್ಕೆಲುಬುಗಳ ಮರೆಯಲ್ಲಿ ಅದು ಇದೆ. ದೊಡ್ಡವರಲ್ಲಿ ಅದರ ತೂಕ ಸುಮಾರು ಒಂದೂವರೆ ಕಿಲೋ. ನಿಮಿಷಕ್ಕೆ ಹೆಚ್ಚುಕಡಿಮೆ ಒಂದೂವರೆ ಲೀಟರ್ ರಕ್ತ ಅದರ ಮೂಲಕ ಹರಿಯುತ್ತದೆ. ಪಿತ್ತರಸ ತಯಾರಿಸುವುದು, ಸಕ್ಕರೆ ಕೂಡಿಡುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನು ಮಾಡುವುದು, ಔಷಧ ಮತ್ತು ಮದ್ಯವನ್ನು ಒಡೆದು ಹೊರಹಾಕುವುದು ಎಲ್ಲವೂ ಅದರದೇ ಕೆಲಸ. ಆದರೆ ಲಿವರಿನ ಒಳಭಾಗಕ್ಕೆ ನೋವು ತಿಳಿಯುವ ನರಗಳಿಲ್ಲ. ಅದರ ಹೊರಪೊರೆಗೆ ಮಾತ್ರ ಇವೆ. ಹಾಗಾಗಿ ಒಳಗೆ ವರ್ಷಗಟ್ಟಲೆ ಹಾನಿ ನಡೆಯುತ್ತಿದ್ದರೂ ಮನುಷ್ಯ ಹೊಲಕ್ಕೆ ಹೋಗುತ್ತಾನೆ, ಅಂಗಡಿ ತೆರೆಯುತ್ತಾನೆ, ಮದುವೆ ಮನೆಯಲ್ಲಿ ಉಣ್ಣುತ್ತಾನೆ. ಯಾವ ಸುಳಿವೂ ಸಿಗುವುದಿಲ್ಲ.

ದೀರ್ಘಕಾಲದ ಲಿವರ್ ಕಾಯಿಲೆಯಲ್ಲಿ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಮೊದಲನೆಯದು ಕೊಬ್ಬು. ಎರಡನೆಯದು ಉರಿಯೂತ. ಮೂರನೆಯದು ನಾರುಗಟ್ಟುವಿಕೆ.

ಕೊಬ್ಬು ಎಂದರೆ ಲಿವರಿನ ಜೀವಕೋಶಗಳ ಒಳಗೆ ಸೇರಿಕೊಂಡ ಕೊಬ್ಬಿನ ಹನಿಗಳು. ಉರಿಯೂತ ಬಂದಾಗ ಜೀವಕೋಶಗಳು ಊದಿಕೊಳ್ಳುತ್ತವೆ, ಕೆಲವು ಸಾಯುತ್ತವೆ. ರಕ್ತದಿಂದ ರೋಗನಿರೋಧಕ ಕೋಶಗಳು ಬಂದು ಅಲ್ಲಿ ಗುಂಪುಗೂಡುತ್ತವೆ. ಅಂಗಾಂಶದಲ್ಲಿ ನೀರಿನ ಅಂಶ ಹೆಚ್ಚುತ್ತದೆ. ಈ ಸ್ಥಿತಿ ವರ್ಷಗಟ್ಟಲೆ ಮುಂದುವರಿದರೆ ಗಾಯ ಮಾಯುವಾಗ ಕಲೆ ಉಳಿಯುವ ರೀತಿಯಲ್ಲೇ ಕೊಲಾಜೆನ್ ಎಂಬ ನಾರು ಬೆಳೆಯುತ್ತದೆ. ಅದೇ ನಾರುಗಟ್ಟುವಿಕೆ. ವೈದ್ಯರು ಅದನ್ನು ಸೊನ್ನೆಯಿಂದ ನಾಲ್ಕರವರೆಗೆ ಹಂತಗಳಲ್ಲಿ ಎಣಿಸುತ್ತಾರೆ. ನಾಲ್ಕನೆಯ ಹಂತವೇ ಸಿರೋಸಿಸ್. ಆಗ ಹೊಟ್ಟೆಯಲ್ಲಿ ನೀರು ತುಂಬಬಹುದು, ರಕ್ತವಾಂತಿ ಆಗಬಹುದು, ಲಿವರ್ ಕ್ಯಾನ್ಸರಿನ ಅಪಾಯವೂ ಹೆಚ್ಚು.

ಈ ಮೂರರಲ್ಲಿ ಉರಿಯೂತಕ್ಕೆ ಏಕೆ ಇಷ್ಟು ಮಹತ್ವ? ಫ್ಯಾಟಿ ಲಿವರ್ ಇದ್ದವರನ್ನು ಬಹುಕಾಲ ಗಮನಿಸಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ವಿಶ್ಲೇಷಣೆ ಪ್ರಕಟವಾಯಿತು. ಬರೀ ಕೊಬ್ಬಿದ್ದವರಲ್ಲಿ ನಾರುಗಟ್ಟುವಿಕೆ ಒಂದು ಹಂತ ಮುಂದೆ ಹೋಗಲು ಸರಾಸರಿ ಸುಮಾರು 14 ವರ್ಷ ಹಿಡಿದಿತ್ತು. ಕೊಬ್ಬಿನ ಜೊತೆಗೆ ಉರಿಯೂತವೂ ಇದ್ದವರಲ್ಲಿ ಸುಮಾರು 7 ವರ್ಷ ಸಾಕಾಗಿತ್ತು. ಅಂದರೆ ಉರಿಯೂತ ಸೇರಿದಾಗ ಕಾಯಿಲೆಯ ನಡಿಗೆ ಎರಡರಷ್ಟು ಬಿರುಸು. ಕೊಬ್ಬಿರುವ ಎಲ್ಲರಿಗೂ ಉರಿಯೂತ ಬರುವುದಿಲ್ಲ, ಅದು ನಿಜ. ಬಂದವರು ಯಾರು ಎಂದು ಬೇಗ ಗೊತ್ತಾದರೆ ಅದನ್ನು ಇಳಿಸಲು ಸಾಕಷ್ಟು ಸಮಯವಿರುತ್ತದೆ.

ಉರಿಯೂತಕ್ಕೆ ಕಾರಣಗಳು ಹಲವು. ಮದ್ಯಪಾನ ಒಂದು. ಹೆಪಟೈಟಿಸ್ ಬಿ ಮತ್ತು ಸಿ ವೈರಸ್ಸುಗಳು ಇನ್ನೊಂದು. ಕೆಲವು ಔಷಧಗಳು, ಗಿಡಮೂಲಿಕೆಗಳು, ದೇಹದ ನಿರೋಧಕ ಶಕ್ತಿ ತನ್ನ ಮೇಲೆಯೇ ತಿರುಗಿಬೀಳುವ ಕಾಯಿಲೆಗಳು ಮತ್ತೊಂದು. ಇವತ್ತು ಎಲ್ಲಕ್ಕಿಂತ ವ್ಯಾಪಕವಾಗಿರುವುದು ಶುಗರ್, ಬೊಜ್ಜು, ರಕ್ತದ ಕೊಬ್ಬು ಇವುಗಳ ಜೊತೆ ಬರುವ ಫ್ಯಾಟಿ ಲಿವರ್. ದೆಹಲಿಯ ಏಮ್ಸ್ ವೈದ್ಯರು ದೇಶದ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಲೆಕ್ಕ ಹಾಕಿದಾಗ ಭಾರತದ ವಯಸ್ಕರಲ್ಲಿ ಸುಮಾರು ನೂರಕ್ಕೆ 38 ಜನರಿಗೆ ಫ್ಯಾಟಿ ಲಿವರ್ ಇತ್ತು. ಮೈಮುರಿದು ದುಡಿಯುವವರಿಗೆ ಇದು ಬಾರದು ಎಂಬ ನಂಬಿಕೆ ಹಳ್ಳಿಗಳಲ್ಲಿದೆ. ಆದರೆ ಭಾರತೀಯರಲ್ಲಿ ಕೈಕಾಲು ಸಣ್ಣಗಿದ್ದೂ ಹೊಟ್ಟೆಯ ಸುತ್ತ ಕೊಬ್ಬು ಸೇರುವುದು ಸಾಮಾನ್ಯ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು.

ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ನೆನಪಿಸಿಕೊಳ್ಳೋಣ. ಲಿವರಿನಲ್ಲಿ ಕೊಬ್ಬು, ಉರಿಯೂತ, ನಾರು ಎಂಬ ಮೂರು ಸಂಗತಿಗಳು. ಕಾಯಿಲೆಯನ್ನು ಮುಂದಕ್ಕೆ ತಳ್ಳುವುದು ಉರಿಯೂತ. ಈಗ ಅದನ್ನು ನೋಡುವ ಬಗೆಗೆ ಬರೋಣ.

ಹಳೆಯ ದಾರಿ ಬಯಾಪ್ಸಿ. ಪಕ್ಕೆಲುಬುಗಳ ನಡುವೆ ಸೂಜಿ ತೂರಿಸಿ ಲಿವರಿನ ಸಣ್ಣ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಜರ್ಮನಿಯ ಪೌಲ್ ಎರ್ಲಿಚ್ 1883ರಲ್ಲೇ ಲಿವರಿನಿಂದ ಸೂಜಿಯಲ್ಲಿ ಮಾದರಿ ತೆಗೆದಿದ್ದರು. 1958ರಲ್ಲಿ ಇಟಲಿಯ ಮೆಂಘಿನಿ ಎಂಬ ವೈದ್ಯರು ಒಂದೇ ಸೆಕೆಂಡಿನಲ್ಲಿ ಚೂರು ತೆಗೆಯುವ ಸೂಜಿಯ ವಿಧಾನವನ್ನು ಪ್ರಕಟಿಸಿದ ಮೇಲೆ ಬಯಾಪ್ಸಿ ಜಗತ್ತಿನ ಎಲ್ಲೆಡೆ ಹರಡಿತು. ಉರಿಯೂತವನ್ನು ಕಣ್ಣಾರೆ ಕಾಣಲು ಇಂದಿಗೂ ಅದೇ ಅಳತೆಗೋಲು.

ಹಾಗಿದ್ದರೂ ಅದನ್ನು ಎಲ್ಲರಿಗೂ ಮಾಡಲಾಗದು. ಆ ಚೂರು ಇಡೀ ಲಿವರಿನ ಸುಮಾರು 50 ಸಾವಿರದಲ್ಲಿ ಒಂದು ಪಾಲು ಮಾತ್ರ. ಉರಿಯೂತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಸೂಜಿ ಹೋದ ಕಡೆ ಕಡಿಮೆ ಇದ್ದರೆ ಫಲಿತಾಂಶವೂ ಕಡಿಮೆ ತೋರುತ್ತದೆ. ನೋವಾಗುತ್ತದೆ. ಅಪರೂಪಕ್ಕೆ ಒಳಗೆ ರಕ್ತಸ್ರಾವವಾಗುತ್ತದೆ. ಚಿಕಿತ್ಸೆ ಫಲಿಸುತ್ತಿದೆಯೇ ಎಂದು ಆರಾರು ತಿಂಗಳಿಗೊಮ್ಮೆ ಸೂಜಿ ಚುಚ್ಚಲೂ ಆಗದು. ದೇಶದ ಮೂರನೇ ಒಂದು ಪಾಲಿಗೂ ಹೆಚ್ಚು ವಯಸ್ಕರಿಗೆ ಇರುವ ತೊಂದರೆಗೆ ಸೂಜಿ ಉತ್ತರವಾಗಲಾರದು.

ಎರಡನೆಯ ದಾರಿ ಎಲ್ಲರಿಗೂ ಪರಿಚಿತವಾದ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. ‘ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕ ತೂಗುಹಾಕಿದ ಕೋಣೆ, ಹೊಟ್ಟೆಗೆ ಹಚ್ಚುವ ತಣ್ಣನೆಯ ಜೆಲ್, ಚರ್ಮದ ಮೇಲೆ ಆಡುವ ಉಪಕರಣ, ಇದನ್ನು ನೀವೂ ಕಂಡಿರುತ್ತೀರಿ. ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಒಳಗೆ ಕಳಿಸಿ ಮರಳಿ ಬರುವ ಪ್ರತಿಧ್ವನಿಯಿಂದ ಚಿತ್ರ ಮಾಡುತ್ತಾರೆ. ಕೊಬ್ಬು ತುಂಬಿದ ಲಿವರ್ ಪಕ್ಕದ ಕಿಡ್ನಿಗಿಂತ ಬೆಳ್ಳಗೆ ಕಾಣುತ್ತದೆ. ಆ ಬಿಳುಪಿನ ಪ್ರಮಾಣ ನೋಡಿಯೇ ಗ್ರೇಡ್ 1, 2, 3 ಎಂದು ಬರೆಯುವುದು. ಕೊಬ್ಬಿನ ಪ್ರಮಾಣ ಶೇಕಡಾ 20ಕ್ಕಿಂತ ಕಡಿಮೆ ಇದ್ದರೆ ಅದು ತಪ್ಪಿಹೋಗುವುದೂ ಉಂಟು. ಸಿರೋಸಿಸ್ ಬಲಿತಿದ್ದರೆ, ಗಡ್ಡೆಯಿದ್ದರೆ, ಹೊಟ್ಟೆಯಲ್ಲಿ ನೀರಿದ್ದರೆ ಈ ಸ್ಕ್ಯಾನಿಂಗ್ ತೋರಿಸುತ್ತದೆ. ಉರಿಯೂತವನ್ನು ಮಾತ್ರ ತೋರಿಸುವುದಿಲ್ಲ. ಗ್ರೇಡ್ 1 ಇದ್ದವರಿಗೆ ಉರಿಯೂತ ಇರಬಹುದು, ಗ್ರೇಡ್ 3 ಇದ್ದವರಿಗೆ ಇಲ್ಲದಿರಬಹುದು. ಗ್ರೇಡಿನ ಸಂಖ್ಯೆ ಕಾಯಿಲೆಯ ಹಂತವಲ್ಲ ಎಂಬುದನ್ನು ಕೇಳುಗರು ದಯವಿಟ್ಟು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು.

ಬಯಾಪ್ಸಿ ಉರಿಯೂತವನ್ನು ಕಾಣುತ್ತದೆ, ಎಲ್ಲರಿಗೂ ಮಾಡಲಾಗದು. ಸಾಮಾನ್ಯ ಸ್ಕ್ಯಾನಿಂಗ್ ಎಲ್ಲರಿಗೂ ಮಾಡಬಹುದು, ಉರಿಯೂತವನ್ನು ಕಾಣದು. ಈ ಎರಡರ ನಡುವಿನ ಜಾಗಕ್ಕೆ ಬಂದದ್ದು ಫೈಬ್ರೋಸ್ಕ್ಯಾನ್.

ಪ್ಯಾರಿಸ್ಸಿನ ಎಕೋಸೆನ್ಸ್ ಎಂಬ ಕಂಪನಿ ಇದನ್ನು ತಯಾರಿಸಿತು. ಲೊರಾಂ ಸಾಂಡ್ರಿನ್ ಮತ್ತು ಸಂಗಡಿಗರು ಹೆಪಟೈಟಿಸ್ ಸಿ ಇದ್ದ ನೂರಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಇದು ಚಿತ್ರ ತೆಗೆಯುವುದಿಲ್ಲ. ಲಿವರ್ ಎಷ್ಟು ಗಡುಸು ಎಂದು ಅಳೆಯುತ್ತದೆ. ಪಕ್ಕೆಲುಬುಗಳ ನಡುವೆ ಉಪಕರಣದ ತುದಿಯನ್ನಿಟ್ಟು ಚರ್ಮಕ್ಕೆ ಒಂದು ಸಣ್ಣ ತಟ್ಟು ಕೊಡುತ್ತಾರೆ. ಆ ತಟ್ಟಿನಿಂದ ಒಂದು ಅಲೆ ಹುಟ್ಟಿ ಲಿವರಿನೊಳಗೆ ಸಾಗುತ್ತದೆ. ಬಾವಿಯ ಹಗ್ಗವನ್ನು ನೆನೆಯಿರಿ. ಸಡಿಲವಾಗಿ ಹಿಡಿದು ಅಲ್ಲಾಡಿಸಿದರೆ ಅಲೆ ನಿಧಾನಕ್ಕೆ ಸಾಗುತ್ತದೆ, ಬಿಗಿಯಾಗಿ ಎಳೆದು ಅಲ್ಲಾಡಿಸಿದರೆ ಸರ್ರನೆ ಓಡುತ್ತದೆ. ಮೆತ್ತನೆಯ ಲಿವರಿನಲ್ಲಿ ಅಲೆ ನಿಧಾನ, ಗಡುಸಾದ ಲಿವರಿನಲ್ಲಿ ವೇಗ. ಆ ವೇಗವನ್ನು ಅಲ್ಟ್ರಾಸೌಂಡಿನಿಂದ ಅಳೆದು ಕಿಲೋಪಾಸ್ಕಲ್ ಎಂಬ ಮಾನದಲ್ಲಿ ಸಂಖ್ಯೆ ಕೊಡುತ್ತಾರೆ. ಬಯಾಪ್ಸಿಯ ಚೂರಿಗಿಂತ ಸುಮಾರು ನೂರು ಪಟ್ಟು ದೊಡ್ಡ ಭಾಗವನ್ನು ಇದು ಪರೀಕ್ಷಿಸುತ್ತದೆ. ಅಲ್ಟ್ರಾಸೌಂಡಿನ ಬಲ ಎಷ್ಟು ಕುಂದಿತು ಎಂಬುದರಿಂದ ಕೊಬ್ಬಿನ ಪ್ರಮಾಣವನ್ನೂ ಅಂದಾಜು ಮಾಡುತ್ತದೆ.

ಪರೀಕ್ಷೆಗೆ ಹೋದವರಿಗೆ ಏನಾಗುತ್ತದೆ? ಮೂರು ಗಂಟೆ ಏನೂ ತಿಂದಿರಬಾರದು. ಅಂಗಾತ ಮಲಗಿ ಬಲಗೈಯನ್ನು ತಲೆಯ ಮೇಲಕ್ಕೆ ಚಾಚಬೇಕು. ಪಕ್ಕೆಗೆ ಬೆರಳಿನಿಂದ ಮೆಲ್ಲಗೆ ತಟ್ಟಿದ ಅನುಭವ. ಕನಿಷ್ಠ 10 ಸಲ ಅಳೆದು ನಡುವಿನ ಬೆಲೆಯನ್ನು ತೆಗೆದುಕೊಳ್ಳುತ್ತಾರೆ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಗರ್ಭಿಣಿಯರು, ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಮೊದಲೇ ತಿಳಿಸಬೇಕು. ಹೊಟ್ಟೆಯಲ್ಲಿ ನೀರು ತುಂಬಿದವರಲ್ಲಿ ಅಳತೆ ಸರಿಯಾಗಿ ಸಿಗುವುದಿಲ್ಲ.

ಆರೋಗ್ಯವಂತರಲ್ಲಿ ಈ ಸಂಖ್ಯೆ ಸುಮಾರು 5. ಫ್ಯಾಟಿ ಲಿವರ್ ಇದ್ದವರಲ್ಲಿ 8ಕ್ಕಿಂತ ಕಡಿಮೆ ಇದ್ದರೆ ನಾರು ಬಲಿತಿರುವ ಸಾಧ್ಯತೆ ಕಡಿಮೆ. 12 ದಾಟಿದರೆ ತಜ್ಞರ ಬಳಿ ಹೋಗಲೇಬೇಕು. ನಡುವಿನವರಿಗೆ ಇನ್ನಷ್ಟು ಪರೀಕ್ಷೆ ಬೇಕು.

ಒಂದು ಮುಖ್ಯ ಸಂಗತಿಯನ್ನು ಇಲ್ಲಿ ಗಮನಿಸಿ. ಲಿವರನ್ನು ಗಡುಸು ಮಾಡುವುದು ನಾರು ಮಾತ್ರವಲ್ಲ. ಉರಿಯೂತವೂ ಗಡುಸು ಮಾಡುತ್ತದೆ. ಜರ್ಮನಿಯ ಡ್ಯುಸೆಲ್ಡಾರ್ಫ್ ನಗರದ ವೈದ್ಯರು ಲಿವರಿಗೆ ದಿಢೀರ್ ಪೆಟ್ಟು ಬಿದ್ದ 20 ರೋಗಿಗಳನ್ನು ಅಳೆದು 2008ರಲ್ಲಿ ವರದಿ ಮಾಡಿದರು. ಅವರಲ್ಲಿ 15 ಜನರ ಸಂಖ್ಯೆ ಸಿರೋಸಿಸ್‌ನ ಮಟ್ಟಕ್ಕೆ ಏರಿತ್ತು. ಒಬ್ಬರಿಗೂ ಸಿರೋಸಿಸ್ ಇರಲಿಲ್ಲ. ಉರಿಯೂತ ಇಳಿದ ಹಾಗೆ ಸಂಖ್ಯೆಯೂ ಇಳಿಯಿತು.

ಈ ಭಾಗದಲ್ಲಿ ಇದಕ್ಕೊಂದು ನೇರ ಅರ್ಥವಿದೆ. ಕಾಮಾಲೆ ಬಂದಾಗ ನಾಟಿ ಔಷಧಕ್ಕೆ ಹೋಗುವ ರೂಢಿ ಹಳ್ಳಿಗಳಲ್ಲಿ ಬಲವಾಗಿದೆ. ನೀರಿನಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ಹೆಚ್ಚಿನವರಲ್ಲಿ ತಾವಾಗಿಯೇ ವಾಸಿಯಾಗುವುದರಿಂದ ಔಷಧಕ್ಕೆ ಹೆಸರು ಬರುತ್ತದೆ. ಬಿ, ಸಿ ವೈರಸ್ಸುಗಳು ಹಾಗಲ್ಲ, ಬಹಳ ಜನರಲ್ಲಿ ಒಳಗೇ ಉಳಿದುಬಿಡುತ್ತವೆ. ಕಾಮಾಲೆ ಏರಿರುವಾಗಲೇ ಫೈಬ್ರೋಸ್ಕ್ಯಾನ್ ಮಾಡಿಸಿದರೆ ಸಂಖ್ಯೆ ಬಹಳ ಹೆಚ್ಚು ಬರಬಹುದು, ಮನೆಮಂದಿಯೆಲ್ಲ ಗಾಬರಿಯಾಗಬಹುದು. ಊಟ ಮಾಡಿದ ಕೂಡಲೇ, ಹೃದಯದ ತೊಂದರೆಯಿಂದ ಲಿವರಿನಲ್ಲಿ ರಕ್ತ ಕಟ್ಟಿಕೊಂಡಾಗ, ಪಿತ್ತನಾಳ ಮುಚ್ಚಿಕೊಂಡಾಗ, ವಿಪರೀತ ಕುಡಿದ ದಿನಗಳಲ್ಲಿ ಕೂಡ ಸಂಖ್ಯೆ ಏರುತ್ತದೆ. ಹಾಗಾಗಿ ಲಿವರಿನ ಕೋಶಗಳಿಗೆ ಹಾನಿಯಾದಾಗ ಏರುವ ಎಸ್‌ಜಿಪಿಟಿ ಮೊದಲಾದ ರಕ್ತಪರೀಕ್ಷೆಗಳನ್ನು ಪಕ್ಕದಲ್ಲಿಟ್ಟುಕೊಂಡೇ ವೈದ್ಯರು ಆ ಸಂಖ್ಯೆಯನ್ನು ಓದುತ್ತಾರೆ. ಒಂದೇ ಸಂಖ್ಯೆಯ ಹಿಂದೆ ನಾರಿನ ಪಾಲು ಎಷ್ಟು, ಉರಿಯೂತದ ಪಾಲು ಎಷ್ಟು ಎಂದು ಬಿಡಿಸುವುದೇ ಇಂದಿನ ಸಂಶೋಧಕರ ದೊಡ್ಡ ಸವಾಲು.

ಫೈಬ್ರೋಸ್ಕ್ಯಾನ್ ಗಡುಸುತನ ಅಳೆಯುತ್ತದೆ, ಅದರಲ್ಲಿ ನಾರೂ ಉರಿಯೂತವೂ ಬೆರೆತಿರುತ್ತವೆ ಎಂದಾಯಿತು. ಇವನ್ನು ಬೇರ್ಪಡಿಸಲು ಎಂಆರ್‌ಐ ಯಂತ್ರದಿಂದ ನಡೆದಿರುವ ಪ್ರಯತ್ನಗಳನ್ನು ಈಗ ನೋಡೋಣ.

ಅಮೆರಿಕದ ರೋಚೆಸ್ಟರ್ ಊರಿನ ಮೇಯೋ ಕ್ಲಿನಿಕ್‌ನಲ್ಲಿ ರಿಚರ್ಡ್ ಎಹ್ಮನ್ ಅವರ ತಂಡ ಇದೆ. ಅಂಗಾಂಶದಲ್ಲಿ ಸಾಗುವ ಅಲೆಗಳನ್ನು ಎಂಆರ್‌ಐನಲ್ಲಿ ಕಾಣುವ ವಿಧಾನವನ್ನು ಅವರು 1995ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಲೇಖನದ ಮೊದಲ ಲೇಖಕರು ರಾಜಾ ಮುತ್ತುಪಿಳ್ಳೈ. ಇದನ್ನು ಎಂಆರ್ ಎಲಾಸ್ಟೋಗ್ರಫಿ ಎನ್ನುತ್ತಾರೆ. ರೋಗಿಯ ಬಲಪಕ್ಕೆಯ ಮೇಲೆ ಒಂದು ಚಪ್ಪಟೆ ಡಬ್ಬಿಯಂಥ ಸಾಧನ ಇಡುತ್ತಾರೆ. ಅದು ಸೆಕೆಂಡಿಗೆ ಸುಮಾರು 60 ಸಲ ಕಂಪಿಸುತ್ತದೆ. ಆ ಕಂಪನ ಲಿವರಿನಲ್ಲಿ ಹರಡುವುದನ್ನು ಯಂತ್ರ ದಾಖಲಿಸುತ್ತದೆ. ಫೈಬ್ರೋಸ್ಕ್ಯಾನ್ ಲಿವರಿನ ಒಂದು ಭಾಗವನ್ನು ಅಳೆದರೆ ಇದು ಬಹುಪಾಲು ಲಿವರಿನ ಗಡುಸುತನದ ನಕ್ಷೆಯನ್ನೇ ಕೊಡುತ್ತದೆ.

ಅದೇ ಸಂಸ್ಥೆಯ ಮೆಂಗ್ ಯಿನ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಲೆ ಎಷ್ಟು ವೇಗವಾಗಿ ಓಡುತ್ತದೆ ಎಂಬುದರ ಜೊತೆಗೆ ಎಷ್ಟು ಬೇಗ ಬಲ ಕಳೆದುಕೊಳ್ಳುತ್ತದೆ ಎಂಬುದನ್ನೂ ಅವರು ಅಳೆದರು. ನೀರು ತುಂಬಿ ಊದಿದ ಅಂಗಾಂಶದಲ್ಲಿ ಅಲೆ ಬೇಗ ಸೊರಗುತ್ತದೆ. ಪ್ರಾಣಿಗಳ ಮೇಲೆ ನಡೆಸಿದ ಅವರ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ನಾರು ಬೆಳೆಯುವ ಮೊದಲೇ, ಉರಿಯೂತ ಶುರುವಾದ ಹಂತದಲ್ಲೇ ಈ ಅಳತೆ ಬದಲಾಗುತ್ತದೆ ಎಂದು ಅವರು ತೋರಿಸಿದರು. ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಬಂದ ಮನುಷ್ಯರಲ್ಲೂ ಆಮೇಲೆ ಇದನ್ನು ಪರೀಕ್ಷಿಸಲಾಯಿತು. ಜಪಾನಿನ ಟೋಕಿಯೋದ ವೈದ್ಯರು ಇದೇ ತರ್ಕವನ್ನು ಅಲ್ಟ್ರಾಸೌಂಡಿನಲ್ಲಿ ಬಳಸಿ 2018ರಿಂದೀಚೆಗೆ ಫಲಿತಾಂಶ ಪ್ರಕಟಿಸುತ್ತಿದ್ದಾರೆ.

ಇನ್ನೊಂದು ದಾರಿ ಇಂಗ್ಲೆಂಡಿನ ಆಕ್ಸ್‌ಫರ್ಡಿನದು. ಅಲ್ಲಿ ರಾಜರ್ಷಿ ಬ್ಯಾನರ್ಜಿ ಮತ್ತು ಸಂಗಡಿಗರು 2014ರಲ್ಲಿ ಒಂದು ವಿಧಾನ ಪ್ರಕಟಿಸಿದರು. ಎಂಆರ್‌ಐ ಯಂತ್ರ ದೇಹದ ನೀರಿನ ಕಣಗಳನ್ನು ರೇಡಿಯೋ ಅಲೆಗಳಿಂದ ಒಮ್ಮೆ ಕದಲಿಸುತ್ತದೆ. ಅವು ಮತ್ತೆ ಮೊದಲಿನ ಸ್ಥಿತಿಗೆ ಬರಲು ಸೆಕೆಂಡಿಗಿಂತ ಕಡಿಮೆ ಸಮಯ ಹಿಡಿಯುತ್ತದೆ. ಉರಿಯೂತದಿಂದಲೋ ನಾರಿನಿಂದಲೋ ಅಂಗಾಂಶದಲ್ಲಿ ನೀರು ಹೆಚ್ಚಿದ್ದರೆ ಆ ಸಮಯ ಉದ್ದವಾಗುತ್ತದೆ. ಲಿವರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ಅದೇ ಸಮಯ ಗಿಡ್ಡವಾಗಿ ಉರಿಯೂತ ಮರೆಯಾಗುತ್ತದೆ. ಆಕ್ಸ್‌ಫರ್ಡಿನವರು ಕಬ್ಬಿಣವನ್ನು ಬೇರೆ ಅಳೆದು ಆ ತಪ್ಪನ್ನು ಸರಿಪಡಿಸಿದರು. ಈ ಅಳತೆಯ ಹೆಸರು ಸಿಟಿ1. ಇದಕ್ಕೂ ಸಿಟಿ ಸ್ಕ್ಯಾನಿಗೂ ಸಂಬಂಧವಿಲ್ಲ. ಆರೋಗ್ಯವಂತರಲ್ಲಿ ಇದು ಸೆಕೆಂಡಿನ ಸಾವಿರದಲ್ಲಿ ಸುಮಾರು 700 ಪಾಲು. 800 ದಾಟಿದರೆ ವೈದ್ಯರು ಹುಷಾರಾಗುತ್ತಾರೆ. ಸೂಜಿಯಿಲ್ಲ, ಔಷಧದ ಚುಚ್ಚುಮದ್ದಿಲ್ಲ, ಎಕ್ಸ್‌ರೇ ಕಿರಣವೂ ಇಲ್ಲ. ಲಿವರಿನ ಎಂಆರ್‌ಐ ಈಗ ದೊಡ್ಡ ಜನಸಮೂಹದಲ್ಲೂ ನಡೆಯುತ್ತಿದೆ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಯೋಜನೆ 2025ರ ಜುಲೈ ಹೊತ್ತಿಗೆ ಒಂದು ಲಕ್ಷ ಜನರ ಅಂಗಾಂಗಗಳ ಸ್ಕ್ಯಾನಿಂಗ್ ಮುಗಿಸಿದೆ. ಅದರಲ್ಲಿ ಲಿವರೂ ಸೇರಿದೆ.

ಇಷ್ಟಾದರೂ ಒಂದು ಮಿತಿ ಇದ್ದೇ ಇದೆ. ಸಿಟಿ1 ಏರಿದಾಗ ಅದರಲ್ಲಿ ಉರಿಯೂತ ಎಷ್ಟು, ನಾರು ಎಷ್ಟು ಎಂದು ಪೂರ್ತಿ ಬಿಡಿಸಲಾಗದು. ಮೇಯೋದ ಹೊಸ ಅಳತೆ ಇನ್ನೂ ದಿನನಿತ್ಯದ ಆಸ್ಪತ್ರೆಗೆ ಇಳಿದಿಲ್ಲ. ನಿರೋಧಕ ಶಕ್ತಿಯ ಏರುಪೇರಿನಿಂದ ಬರುವ ಹೆಪಟೈಟಿಸ್ ಇದೆ ಎಂಬ ಅನುಮಾನ ಬಂದರೆ, ಅಥವಾ ಕಾರಣವೇ ತಿಳಿಯದಿದ್ದರೆ, ಇಂದಿಗೂ ಬಯಾಪ್ಸಿ ಬೇಕು. ಬಯಾಪ್ಸಿ ಬೇಕೆಂದು ವೈದ್ಯರು ಹೇಳಿದರೆ ಅದನ್ನು ತಪ್ಪಿಸಿಕೊಳ್ಳಬಾರದು. ಈ ಹೊಸ ಉಪಕರಣಗಳು ಸೂಜಿಯನ್ನು ಪೂರ್ತಿ ಹೊರಗಟ್ಟಿಲ್ಲ. ಯಾರಿಗೆ ಸೂಜಿ ಬೇಕಿಲ್ಲ ಎಂದು ಆರಿಸಿ ಹೇಳುವ ಮಟ್ಟಕ್ಕೆ ಬಂದಿವೆ.

ಹಾಗಾದರೆ ಜಗಳೂರಿನವರು, ನ್ಯಾಮತಿಯವರು ಎಂಆರ್‌ಐ ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕೇ? ಖಂಡಿತ ಬೇಡ. ಇಲ್ಲಿಯವರೆಗೆ ಬಯಾಪ್ಸಿ, ಸ್ಕ್ಯಾನಿಂಗ್, ಫೈಬ್ರೋಸ್ಕ್ಯಾನ್, ಎಂಆರ್‌ಐ ಎಂದು ನಾಲ್ಕು ಬಗೆ ಕೇಳಿದಿರಿ. ಈಗ ಶುರುಮಾಡಬೇಕಾದ ಜಾಗಕ್ಕೆ ಬರೋಣ. ಅದು ತಾಲ್ಲೂಕು ಮಟ್ಟದಲ್ಲೇ ಸಿಗುವ ಸಾದಾ ರಕ್ತಪರೀಕ್ಷೆ.

ಮೂರು ಸಂಖ್ಯೆ ಸಾಕು. ಎಸ್‌ಜಿಒಟಿ, ಎಸ್‌ಜಿಪಿಟಿ ಮತ್ತು ಪ್ಲೇಟ್‌ಲೆಟ್. ಇವಕ್ಕೆ ವಯಸ್ಸನ್ನು ಸೇರಿಸಿ ವೈದ್ಯರು ಫಿಬ್-4 ಎಂಬ ಲೆಕ್ಕ ಹಾಕುತ್ತಾರೆ. 2006ರಲ್ಲಿ ಬಂದ ಸೂತ್ರ ಇದು. ಉತ್ತರ 1.3ಕ್ಕಿಂತ ಕಡಿಮೆ ಬಂದರೆ ನಾರು ಬಲಿತಿರುವ ಸಾಧ್ಯತೆ ತೀರಾ ಕಡಿಮೆ. 2.7ರ ಹತ್ತಿರ ಅಥವಾ ಮೇಲೆ ಬಂದರೆ ತಜ್ಞರನ್ನು ಕಾಣಬೇಕು. ನಡುವೆ ಬಂದವರಿಗೆ ಫೈಬ್ರೋಸ್ಕ್ಯಾನ್. 65 ದಾಟಿದವರಿಗೆ ಕೆಳಗಿನ ಗೆರೆಯನ್ನು 2 ಎಂದು ಹಿಡಿಯುತ್ತಾರೆ.

ಎರಡು ಲೆಕ್ಕ ನೋಡೋಣ. ಒಬ್ಬರಿಗೆ 45 ವರ್ಷ, ಎಸ್‌ಜಿಒಟಿ 40, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ ಎರಡೂವರೆ ಲಕ್ಷ ಎಂದುಕೊಳ್ಳಿ. ಉತ್ತರ 1.2. ಅವರು ಶುಗರ್, ತೂಕ, ಊಟದ ಕಡೆ ಗಮನ ಕೊಟ್ಟು ಒಂದೆರಡು ವರ್ಷದ ಮೇಲೆ ಮತ್ತೆ ಪರೀಕ್ಷಿಸಿಕೊಂಡರೆ ಸಾಕು. ಇನ್ನೊಬ್ಬರಿಗೆ 60 ವರ್ಷ, ಎಸ್‌ಜಿಒಟಿ 80, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ ಒಂದೂವರೆ ಲಕ್ಷ. ಉತ್ತರ 4. ಅವರು ತಡಮಾಡಬಾರದು. ಇಬ್ಬರ ಸ್ಕ್ಯಾನಿಂಗ್ ರಿಪೋರ್ಟಿನಲ್ಲೂ ‘ಗ್ರೇಡ್ 1’ ಎಂದೇ ಇದ್ದಿರಬಹುದು. ಗ್ರೇಡ್ ಒಂದೇ, ದಾರಿ ಬೇರೆ.

ಎಸ್‌ಜಿಪಿಟಿ ನಾರ್ಮಲ್ ಇದೆ, ಹಾಗಾಗಿ ಉರಿಯೂತ ಇಲ್ಲ ಎಂದೂ ಹೇಳಲಾಗದು. ಉರಿಯೂತ ಇದ್ದೂ ಅದು ಸಾಮಾನ್ಯ ಮಟ್ಟದಲ್ಲಿರುವ ರೋಗಿಗಳು ಸಾಕಷ್ಟಿದ್ದಾರೆ. ಇದಕ್ಕಾಗಿಯೇ ತಜ್ಞರು ಪರೀಕ್ಷೆಗಳನ್ನು ಬೆಸೆಯುತ್ತಾರೆ. 2020ರಲ್ಲಿ ಪ್ರಕಟವಾದ ಫಾಸ್ಟ್ ಸ್ಕೋರ್ ಅಂಥದ್ದು. ಫೈಬ್ರೋಸ್ಕ್ಯಾನಿನ ಗಡುಸುತನ, ಅದರದೇ ಕೊಬ್ಬಿನ ಅಳತೆ, ರಕ್ತದ ಎಸ್‌ಜಿಒಟಿ ಈ ಮೂರನ್ನೂ ಕೂಡಿಸಿ, ಉರಿಯೂತವೂ ನಾರೂ ಒಟ್ಟಿಗೆ ಇರುವವರನ್ನು ಅದು ಗುರುತಿಸುತ್ತದೆ.

ಸರ್ಕಾರದ ಎರಡು ಕಾರ್ಯಕ್ರಮಗಳು ಇಲ್ಲಿ ನೆರವಿಗೆ ಬರುತ್ತವೆ. ಒಂದು, 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ. ಇದರಡಿ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯೂ ಔಷಧವೂ ಉಚಿತ. ಹೆಪಟೈಟಿಸ್ ಸಿ ಈಗ ಸುಮಾರು 12 ವಾರದ ಮಾತ್ರೆಯಿಂದ ನೂರಕ್ಕೆ 95 ಜನರಲ್ಲಿ ವಾಸಿಯಾಗುತ್ತದೆ. ಎರಡು, ಸಾಂಕ್ರಾಮಿಕವಲ್ಲದ ಕಾಯಿಲೆಗಳ ರಾಷ್ಟ್ರೀಯ ಕಾರ್ಯಕ್ರಮ. 2021ರ ಫೆಬ್ರುವರಿಯಲ್ಲಿ ಫ್ಯಾಟಿ ಲಿವರನ್ನು ಇದಕ್ಕೆ ಸೇರಿಸಲಾಯಿತು. ಆಶಾ ಕಾರ್ಯಕರ್ತೆ ಮನೆಗೆ ಬಂದು 30 ದಾಟಿದವರ ಸೊಂಟದ ಸುತ್ತಳತೆ ಕೇಳಿದರೆ ಸಂಕೋಚ ಬೇಡ. ಆ ಟೇಪೇ ಲಿವರ್ ತಪಾಸಣೆಯ ಮೊದಲ ಉಪಕರಣ.

ಮುಂದಿನ ಹಂತದ ಪರೀಕ್ಷೆಗೆ ಚನ್ನಗಿರಿ, ಜಗಳೂರಿನವರಿಗೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಹೊನ್ನಾಳಿ, ನ್ಯಾಮತಿಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೂ ಹತ್ತಿರ. ಎರಡೂ ಊರುಗಳಲ್ಲಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಫೈಬ್ರೋಸ್ಕ್ಯಾನ್ ಯಾವ ದಿನ, ಎಲ್ಲಿ ಸಿಗುತ್ತದೆ ಎಂದು ಫೋನಿನಲ್ಲಿ ವಿಚಾರಿಸಿಕೊಂಡು ಹೊರಟರೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು ಉಳಿಯುತ್ತದೆ.

ಇನ್ನು ಕೊನೆಯ ಸಂಗತಿ. ಉರಿಯೂತ ಇದೆ ಎಂದು ಗೊತ್ತಾದರೆ ಏನು ಮಾಡಬೇಕು? ಅದು ಇಳಿಯುತ್ತದೆ. ಕ್ಯೂಬಾ ದೇಶದಲ್ಲಿ ಉರಿಯೂತ ಇದ್ದ ಸುಮಾರು 300 ಜನ ಒಂದು ವರ್ಷ ಊಟ ಬದಲಿಸಿ ನಡಿಗೆ ಹೆಚ್ಚಿಸಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ತೂಕದಲ್ಲಿ ಹತ್ತನೇ ಒಂದು ಪಾಲು ಇಳಿಸಿದವರಲ್ಲಿ ನೂರಕ್ಕೆ 90 ಜನರ ಉರಿಯೂತದ ಕಾಯಿಲೆ ಮಾಯವಾಗಿತ್ತು. 80 ಕಿಲೋ ಇದ್ದವರಿಗೆ ಅದು 8 ಕಿಲೋ. ನಿಧಾನವಾಗಿ, ಒಂದು ವರ್ಷದಲ್ಲಿ. ಅಮೆರಿಕದಲ್ಲಿ ಈ ಕಾಯಿಲೆಗೆಂದೇ 2024ರಲ್ಲಿ ರೆಸ್ಮೆಟಿರೋಮ್ ಎಂಬ ಮಾತ್ರೆಗೆ ಒಪ್ಪಿಗೆ ಸಿಕ್ಕಿತು, ಅದನ್ನು ಶುರುಮಾಡಲು ಬಯಾಪ್ಸಿ ಕಡ್ಡಾಯವಲ್ಲ. 2025ರಲ್ಲಿ ಸೆಮಾಗ್ಲುಟೈಡ್ ಚುಚ್ಚುಮದ್ದಿಗೂ ಒಪ್ಪಿಗೆ ದೊರೆಯಿತು. ಇವು ತಜ್ಞರ ಸಲಹೆಯ ಮೇಲೆ ಮಾತ್ರ. ಮದ್ಯದಿಂದ ಬಂದ ಉರಿಯೂತಕ್ಕೆ ಮದ್ಯ ಪೂರ್ತಿ ಬಿಡುವುದೇ ಚಿಕಿತ್ಸೆಯ ಬುಡ. ಬಿಟ್ಟ ಕೆಲವೇ ವಾರಗಳಲ್ಲಿ ಫೈಬ್ರೋಸ್ಕ್ಯಾನಿನ ಸಂಖ್ಯೆ ಇಳಿಯತೊಡಗುತ್ತದೆ. ಅಷ್ಟು ಬೇಗ ಇಳಿಯುವುದು ಉರಿಯೂತದ ಪಾಲು. ನಾರು ಕರಗಲು ವರ್ಷಗಳೇ ಬೇಕು.

ಕೇಳುಗರೇ, ಮುಂದಿನ ಸಲ ವೈದ್ಯರ ಬಳಿ ಹೋದಾಗ ನಾಲ್ಕು ಪ್ರಶ್ನೆ ಕೇಳಿ. ನನ್ನ ಲಿವರಿನಲ್ಲಿ ಬರೀ ಕೊಬ್ಬೋ, ಉರಿಯೂತವೂ ಇದೆಯೋ? ನನ್ನ ಫಿಬ್-4 ಎಷ್ಟು? ಹೆಪಟೈಟಿಸ್ ಬಿ, ಸಿ ಪರೀಕ್ಷೆ ಆಗಿದೆಯೇ? ಫೈಬ್ರೋಸ್ಕ್ಯಾನ್ ನನಗೆ ಬೇಕೇ? ತೆಗೆದುಕೊಳ್ಳುತ್ತಿರುವ ನಾಟಿ ಔಷಧ, ಕಷಾಯ, ಪುಡಿ ಯಾವುದನ್ನೂ ಮುಚ್ಚಿಡಬೇಡಿ. ಅದಕ್ಕಾಗಿ ವೈದ್ಯರು ಬೈದರೂ ಚಿಂತೆಯಿಲ್ಲ, ಹೇಳಿ. ರಕ್ತವಾಂತಿ, ಕಪ್ಪು ಮಲ, ಹೊಟ್ಟೆ ಉಬ್ಬರ, ಮಂಪರು ಕಂಡರೆ ಮಾತ್ರ ಯಾವ ಪ್ರಶ್ನೆಗೂ ಕಾಯದೆ ನೇರ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಹಳೆಯ ರಿಪೋರ್ಟುಗಳನ್ನು ದಿನಾಂಕದ ಪ್ರಕಾರ ಒಂದು ಫೈಲಿನಲ್ಲಿ ಜೋಡಿಸಿಡಿ. ಮತ್ತೆ ಫೈಬ್ರೋಸ್ಕ್ಯಾನ್ ಮಾಡಿಸುವಾಗ ಸಾಧ್ಯವಾದರೆ ಅದೇ ಆಸ್ಪತ್ರೆಯಲ್ಲಿ, ಅದೇ ರೀತಿ ಮೂರು ಗಂಟೆ ಹಸಿದ ಹೊಟ್ಟೆಯಲ್ಲಿ ಮಾಡಿಸಿ. ಆಗ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಉರಿಯೂತ ಇಳಿಯಿತೇ, ಏರಿತೇ ಎಂದು ವೈದ್ಯರು ನಿಮಗೆ ಸರಿಯಾಗಿ ಹೇಳಬಲ್ಲರು.